ಈರುಳ್ಳಿಯಲ್ಲದ ಈರುಳ್ಳಿ

ನಿಮ್ಮಲ್ಲಿ ಎಷ್ಟು ಮಂದಿ ಕಾಡು ಈರುಳ್ಳಿಯನ್ನು ನೋಡಿದ್ದೀರಿ? ನಮ್ಮ ಮನೆಯಲ್ಲಿ ಅದರ ಪರಿಚಯವಾದದ್ದು ಸ್ವಲ್ಪ ಗಾಬರಿಯಿಂದಲೇ.

ವಿಜಯಪುರದ ಕಡೆಯ ನಮ್ಮೂರಿನ ಹೊಲದ ಬದುವಿನಿಂದ ಎರಡು ಗಡ್ಡೆ ತಂದು ಕಳಂಬೋಲಿಯ ಮನೆಯ ಬಾಲ್ಕನಿಯಲ್ಲಿ, ಕುಂಡಕ್ಕೊಂದರಂತೆ ನೆಟ್ಟಿದ್ದೆ. ಮಳೆಗಾಲದಲ್ಲಿ ಉದ್ದನೆಯ ಎಲೆಗಳು ಬಂದವು. ಚಳಿ ಮುಗಿಯುವಷ್ಟರಲ್ಲಿ ಎಲ್ಲವೂ ಒಣಗಿದವು. ಗಿಡ ಸತ್ತಿತೆಂದು ಒಂದು ಕುಂಡ ಬರಿದು ಮಾಡಿ, ಗಡ್ಡೆಯನ್ನು ಅಡಿಗೆಕಟ್ಟೆಯ ಮೇಲಿಟ್ಟು ಮರೆತೆ. ತಪ್ಪು ನನ್ನದೇ. ಕಾಲೇಜಿನಿಂದ ಹಸಿದು ಬಂದ ಮಗಳು ಅದನ್ನು ಅಲಿಬಾಗಿನ ಬಿಳಿ ಈರುಳ್ಳಿ ಎಂದುಕೊಂಡು ಅವಲಕ್ಕಿಗೆ ಹೆಚ್ಚತೊಡಗಿದಳು. ಪದರ ಪದರ, ಥೇಟ್ ಈರುಳ್ಳಿಯೇ. ಆದರೆ ಘಾಟಿಲ್ಲ, ಕಣ್ಣಲ್ಲಿ ನೀರಿಲ್ಲ; ಕೈ ಮಾತ್ರ ತುರಿಸುತ್ತಿದೆ! "ಅಮ್ಮಾ, ಇದೆಂಥಾ ಈರುಳ್ಳಿ?" ಎಂದು ಕೂಗಿದಳು. ಜೊತೆಗೇ ಒಳಬಂದ ಪಕ್ಕದ ಮನೆಯ ಕಾಕೂ ನೋಡಿದವರೇ, "ಅಗಂ, ಹಾ ತರ್ ರಾನ್‌ಕಾಂದಾ!" ಎಂದು ಹೆಚ್ಚಿದ್ದನ್ನೆಲ್ಲ ಚೆಲ್ಲಿಸಿ, ಚಾಕು ತೊಳೆಸಿದರು.

ಕಾಕೂ ಗಾಬರಿಯಾದದ್ದು ಸರಿಯೇ. ಮರಾಠಿಯ ರಾನ್‌ಕಾಂದಾ, ಸಂಸ್ಕೃತದ ವನಪಲಾಂಡು, ಸಸ್ಯಶಾಸ್ತ್ರದ ಡ್ರಿಮಿಯಾ ಇಂಡಿಕಾ ಎಲ್ಲ ಒಂದೇ. ಇದರ ರಸದಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿದ್ದು ಚರ್ಮ ತುರಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷ. ಇದೇ ಗಡ್ಡೆ ಅತಿ ಸಣ್ಣ ಪ್ರಮಾಣದಲ್ಲಿ ಕಫ ಕರಗಿಸುವ ಕೆಮ್ಮಿನ ಔಷಧವೂ ಆಗಿತ್ತು. ಇದರ ಮೆಡಿಟರೇನಿಯನ್ ಬಂಧು ಸ್ಕ್ವಿಲ್‌ನ ಕೆಂಪು ಜಾತಿಯಿಂದ ಇಲಿ ಪಾಷಾಣ ತಯಾರಿಸುತ್ತಿದ್ದರು. ಮನುಷ್ಯ ತಿಂದರೆ ಬಹುಶಃ ವಾಂತಿಯಾಗಿ ಒಂದಿಷ್ಟು ಹೊರಬಿದ್ದೀತು. ಪಾಪ, ಇಲಿಗೆ ವಾಂತಿ ಮಾಡಲು ಬರುವುದಿಲ್ಲ! ಗ್ರೀಸಿನಲ್ಲಿ ಮಾತ್ರ ಹೊಸ ವರ್ಷಕ್ಕೆ ಈ ಸ್ಕ್ವಿಲ್ ಗಡ್ಡೆಯನ್ನು ಶುಭವೆಂದು ಬಾಗಿಲಿಗೆ ತೂಗುಹಾಕುತ್ತಾರೆ, ನಾವು ಮಾವಿನ ತೋರಣ ಕಟ್ಟಿದ ಹಾಗೆ. ನೆಲದಿಂದ ಕಿತ್ತರೂ ಚಿಗುರುವ ಗಡ್ಡೆಯಲ್ಲವೇ!

ಮರಳುನೆಲ, ಕಲ್ಲುಗುಡ್ಡ, ಕಡಲ ದಂಡೆ, ಹೀಗೆ ನೀರು ನಿಲ್ಲದ ಕಡೆ ಇದು ಬದುಕುತ್ತದೆ. ಮಳೆಗಾಲದಲ್ಲಿ ಎಲೆಗಳು ದುಡಿದದ್ದನ್ನೆಲ್ಲ ಗಡ್ಡೆಯಲ್ಲಿ ಕೂಡಿಟ್ಟು, ಒಣಗಿ ಹೋಗುತ್ತವೆ. ನಾನು ಸತ್ತಿತೆಂದುಕೊಂಡದ್ದು ಅದರ ನಿದ್ದೆ.

ಉಳಿದ ಕುಂಡವನ್ನು ಸೋಮಾರಿತನದಿಂದ ಹಾಗೇ ಬಿಟ್ಟಿದ್ದೆ. ಏಪ್ರಿಲ್‌ನ ಉರಿಬಿಸಿಲಿನಲ್ಲಿ, ಹನಿ ನೀರೂ ಹಾಕದ ಆ ಮಣ್ಣಿನಿಂದ ಒಂದೂ ಎಲೆಯಿಲ್ಲದ ಬರೀ ದಂಟು ಎದ್ದಿತು. ಅದರ ತುಂಬ ಕಂದುಛಾಯೆಯ ಪುಟ್ಟ ಗಂಟೆಗಳು. ಕತ್ತಲಾದ ಮೇಲೆ ಅರಳಿ, ಬೆಳಗಾಗುವಷ್ಟರಲ್ಲಿ ಮುದುಡುತ್ತವೆ. ಮಗಳು ಓದು ಬಿಟ್ಟು ಟಾರ್ಚ್ ಹಿಡಿದು ಕುಳಿತಳು.

ಕುಂಡಕ್ಕೆ ಅವಳೇ ಕನ್ನಡದಲ್ಲಿ ಚೀಟಿ ಅಂಟಿಸಿದ್ದಾಳೆ: "ತಿನಬೇಡಿ." ಒಂದು ಒತ್ತಕ್ಷರ ಬಿಟ್ಟುಹೋಗಿದೆ. ನಾನು ತಿದ್ದಲು ಹೋಗಿಲ್ಲ.