ಇಲಿಗಳ ಗಂಧಸಂದೇಶಗಳೂ ಅವುಗಳ ವಂಶವೃತ್ತಾಂತವೂ

ಕಣಜದ ಧಾನ್ಯವನ್ನು ತಿನ್ನುವ ಸಣ್ಣಿಲಿಯಿಂದ ಮೊದಲಾಗಿ ಗದ್ದೆಯ ಬದುವನ್ನು ತೋಡಿ ತೆನೆಗಳನ್ನು ಬಿಲಕ್ಕೆ ಸೇರಿಸುವ ಹೆಗ್ಗಣದವರೆಗೆ, ಮೂಷಕವರ್ಗದ ಪ್ರಾಣಿಗಳಿಂದ ವ್ಯವಸಾಯಗಾರರಿಗೆ ಆಗತಕ್ಕ ನಷ್ಟವು ಸರ್ವರಿಗೂ ತಿಳಿದ ವಿಷಯವೇ ಆಗಿದೆ. ಇವುಗಳನ್ನು ಬೋನಿಗೆ ಸೆಳೆಯತಕ್ಕ ಒಂದು ವಾಸನೆಯು ದೊರೆತರೆ ಎಷ್ಟೋ ಅನುಕೂಲವಾದೀತೆಂದು ರೈತರು ಹೇಳುವುದುಂಟು. ಎಲ್ಲ ಬಗೆಯ ಇಲಿಗಳಿಗೂ ಒಂದೇ ವಾಸನೆಯು ಏಕೆ ಸಾಕಾಗಬಾರದೆಂಬ ಪ್ರಶ್ನೆಯೂ ಅದರೊಡನೆ ಹುಟ್ಟುತ್ತದೆ. ಇದಕ್ಕೆ ತಕ್ಕ ಉತ್ತರವು ಈ ಪ್ರಾಣಿಗಳ ವಂಶಚರಿತ್ರೆಯಲ್ಲಿ ದೊರೆಯುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಗಂಧಸಂದೇಶವೆಂದರೇನು?

ಒಂದು ಪ್ರಾಣಿಯು ತನ್ನ ದೇಹದಿಂದ ಹೊರಪಡಿಸುವ ಯಾವ ವಸ್ತುವು ಅದೇ ಜಾತಿಯ ಮತ್ತೊಂದು ಪ್ರಾಣಿಯ ನಡತೆಯನ್ನಾಗಲಿ ದೇಹಸ್ಥಿತಿಯನ್ನಾಗಲಿ ಬದಲಾಯಿಸುವುದೋ, ಆ ವಸ್ತುವಿಗೆ ಫೆರೊಮೋನ್ ಎಂದು ಹೆಸರು. ಈ ಹೆಸರನ್ನು ೧೯೫೯ನೆಯ ಇಸವಿಯಲ್ಲಿ ಕಾರ್ಲ್‌ಸನ್ ಮತ್ತು ಲೂಷರ್ ಎಂಬ ವಿಜ್ಞಾನಿಗಳು ಬಳಕೆಗೆ ತಂದರು. ರೇಷ್ಮೆ ಬೆಳೆಯುವ ನಮ್ಮ ರೈತರಿಗೆ ಇದರ ನಿದರ್ಶನವು ಕಣ್ಣೆದುರಿಗೇ ಇದೆ. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆಯ ಬಳಿಗೆ ಗಂಡು ಚಿಟ್ಟೆಯು ರೆಕ್ಕೆ ಬಡಿಯುತ್ತ ಹೋಗುವುದು ಅದರ ವಾಸನೆಯಿಂದಲೇ. ಜರ್ಮನಿಯ ಬುಟೆನಾಂಟ್ ಎಂಬ ರಸಾಯನ ಶಾಸ್ತ್ರಜ್ಞರು ಸುಮಾರು ೫ ಲಕ್ಷ ಹೆಣ್ಣು ಚಿಟ್ಟೆಗಳಿಂದ ಆ ವಸ್ತುವನ್ನು ಬೇರ್ಪಡಿಸಿ, ಅದರ ರಚನೆಯನ್ನು ಅದೇ ೧೯೫೯ರಲ್ಲಿ ಪ್ರಕಟಪಡಿಸಿದರು.

ಇಲಿಗಳಲ್ಲಿ ಇಂಥ ಸಂದೇಶಗಳು ಬಹುಮಟ್ಟಿಗೆ ಮೂತ್ರದ ಮೂಲಕ ನಡೆಯುತ್ತವೆ. ಆಗತಾನೆ ಗರ್ಭಧರಿಸಿದ ಹೆಣ್ಣು ಸಣ್ಣಿಲಿಯ ಬಳಿಗೆ ಅಪರಿಚಿತವಾದ ಗಂಡಿನ ವಾಸನೆಯು ಬಂದರೆ ಆ ಗರ್ಭವು ಅನೇಕ ವೇಳೆ ನಿಲ್ಲದೆ ಹೋಗುವುದೆಂದು ಇಂಗ್ಲೆಂಡಿನ ಹಿಲ್ಡಾ ಬ್ರೂಸ್ ಎಂಬವರು ೧೯೫೯ರಲ್ಲಿ ತೋರಿಸಿಕೊಟ್ಟರು. ವಾಸನೆಯೊಂದು ಸಂತಾನವನ್ನೇ ತಡೆಯಬಲ್ಲದೆಂದ ಮೇಲೆ ಅದರ ಪ್ರಭಾವವು ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಮೂತ್ರದಲ್ಲಿರುವ ಪ್ರೋಟೀನುಗಳು

ಸಣ್ಣಿಲಿಯ ಯಕೃತ್ತಿನಲ್ಲಿ ಒಂದು ವರ್ಗದ ಪ್ರೋಟೀನುಗಳು ಹುಟ್ಟಿ ಮೂತ್ರದೊಡನೆ ಹೊರಬರುತ್ತವೆ. ಹೆಣ್ಣಿಗಿಂತ ಗಂಡಿನಲ್ಲಿ ಇವುಗಳ ಪ್ರಮಾಣವು ಹೆಚ್ಚು. ಪ್ರತಿಯೊಂದು ಪ್ರೋಟೀನಿನ ನಡುವೆಯೂ ಚಿಕ್ಕ ಚೀಲದಂಥ ಪೊಳ್ಳು ಇದ್ದು, ಬೇಗನೆ ಆರಿಹೋಗತಕ್ಕ ಸುವಾಸಕ ದ್ರವ್ಯಗಳು ಅದರಲ್ಲಿ ಅಡಗಿ ಕುಳಿತಿರುತ್ತವೆ. ಅತ್ತರನ್ನು ಹತ್ತಿಯಲ್ಲಿ ಅದ್ದಿ ಕಿವಿಯಲ್ಲಿಟ್ಟುಕೊಂಡರೆ ಅದರ ಪರಿಮಳವು ಹೇಗೆ ಬಹಳ ಹೊತ್ತು ನಿಲ್ಲುವುದೋ, ಹಾಗೆಯೇ ಇಲಿಯು ಮೂತ್ರದಿಂದ ಹಾಕಿದ ಗುರುತೂ ನಿಧಾನವಾಗಿ ವಾಸನೆಯನ್ನು ಬಿಡುತ್ತದೆ.

ಪ್ರೋಟೀನು ವಾಸನೆಯನ್ನು ಹಿಡಿದಿಡುವುದಲ್ಲದೆ ತಾನೇ ಸಂದೇಶವೂ ಆಗಬಲ್ಲದು. ೨೦೧೦ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಗಂಡು ಸಣ್ಣಿಲಿಯ ಮೂತ್ರದಲ್ಲಿ ಇಂಥದೊಂದನ್ನು ಗುರುತಿಸಿ, ಜೇನ್ ಆಸ್ಟೆನ್‌ರ ಕಾದಂಬರಿಯ ನಾಯಕನಾದ ಡಾರ್ಸಿಯ ಹೆಸರಿನಿಂದ ಅದಕ್ಕೆ ಡಾರ್ಸಿನ್ ಎಂದು ನಾಮಕರಣ ಮಾಡಿದರು. ಹೆಣ್ಣು ಇಲಿಯು ಅದನ್ನು ಒಮ್ಮೆ ಮೂಸಿದರೆ ಸಾಕು, ಆ ಗಂಡಿನ ವಾಸನೆಯನ್ನೂ ಅದು ದೊರೆತ ಸ್ಥಳವನ್ನೂ ನೆನಪಿಟ್ಟುಕೊಂಡು ಮತ್ತೆ ಅಲ್ಲಿಗೆ ಬರುತ್ತದೆ.

ಒಂದು ಬೀಜಪ್ರತಿಯು ಹಲವಾದ ಬಗೆ

ಪ್ರೋಟೀನುಗಳನ್ನು ಹೇಗೆ ಕಟ್ಟಬೇಕೆಂಬ ವಿಧಿಯು ದೇಹದ ವಂಶವಾಹಿಗಳಲ್ಲಿ, ಎಂದರೆ ಜೀನುಗಳಲ್ಲಿ, ಬರೆಯಲ್ಪಟ್ಟಿರುತ್ತದೆ. ತಂದೆತಾಯಿಗಳಿಂದ ಮಕ್ಕಳಿಗೆ ಹೋಗುವಾಗ ಈ ಬರವಣಿಗೆಯ ಪ್ರತಿಯಾಗುತ್ತದೆ. ಹಿಂದಿನ ಕಾಲದ ಶಾನುಭೋಗರು ಲೆಕ್ಕವನ್ನು ನಕಲು ಮಾಡುವಾಗ ಕೈತಪ್ಪಿನಿಂದ ಒಂದೇ ಹಾಳೆಯನ್ನು ಎರಡು ಸಲ ಬರೆದುಬಿಡುವಂತೆ, ಇಲ್ಲಿಯೂ ಒಮ್ಮೊಮ್ಮೆ ಒಂದು ಜೀನು ಇಮ್ಮಡಿಯಾಗುತ್ತದೆ. ಮೊದಲಿನ ಪ್ರತಿಯು ತನ್ನ ಕೆಲಸವನ್ನು ಮಾಡುತ್ತಿರುವುದರಿಂದ ಎರಡನೆಯದು ಕೆಟ್ಟರೂ ಪ್ರಾಣಿಗೆ ಬಾಧೆಯಿಲ್ಲ. ಆದ್ದರಿಂದ ಹೆಚ್ಚಿನ ಪ್ರತಿಗಳು ಕಾಲಕ್ರಮದಲ್ಲಿ ಅಕ್ಷರಗೆಟ್ಟು ನಿರುಪಯೋಗಿಗಳಾಗುತ್ತವೆ. ಕೆಲವು ಮಾತ್ರ ಸ್ವಲ್ಪ ಸ್ವಲ್ಪವಾಗಿ ಬದಲಾಗಿ ಹೊಸ ಕೆಲಸಕ್ಕೆ ಒದಗುತ್ತವೆ. ಹೊಸ ಜೀನುಗಳು ಹುಟ್ಟತಕ್ಕ ಮುಖ್ಯಮಾರ್ಗವು ಇದೇ ಎಂದು ಸುಸುಮು ಓನೋ ಎಂಬವರು ೧೯೭೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಸಣ್ಣಿಲಿಯ ಸಮಗ್ರ ವಂಶಲಿಪಿಯು ೨೦೦೨ರಲ್ಲಿಯೂ, ದೊಡ್ಡ ಜಾತಿಯ ಕಂದು ಇಲಿಯದು ೨೦೦೪ರಲ್ಲಿಯೂ ಪ್ರಕಟವಾದ ಮೇಲೆ ಇವೆರಡನ್ನೂ ಹೋಲಿಸಿ ನೋಡುವುದಕ್ಕೆ ಸಾಧ್ಯವಾಯಿತು. ನಾಯಿ, ಹಂದಿ ಮೊದಲಾದ ಪ್ರಾಣಿಗಳಲ್ಲಿ ಈ ಮೂತ್ರ ಪ್ರೋಟೀನಿನ ಜೀನು ಒಂದೇ ಒಂದು. ಮನುಷ್ಯನಲ್ಲಿ ಇರುವ ಒಂದೂ ಕೆಟ್ಟುಹೋಗಿದೆ. ಸಣ್ಣಿಲಿಯಲ್ಲಾದರೋ ಕೆಲಸ ಮಾಡತಕ್ಕವು ಸುಮಾರು ೨೧, ಕೆಟ್ಟವೂ ಸುಮಾರು ಅಷ್ಟೇ, ಎಲ್ಲವೂ ಒಂದೇ ಕಡೆ ಗುಂಪಾಗಿವೆ. ಕಂದು ಇಲಿಯಲ್ಲಿ ಕೆಲಸ ಮಾಡತಕ್ಕವು ಸುಮಾರು ೯, ಕೆಟ್ಟವು ಸುಮಾರು ೧೩.

ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಈ ಎರಡು ಪ್ರಾಣಿಗಳ ಪೂರ್ವಜರು ಒಂದು ಕೋಟಿ ವರ್ಷಗಳಿಗೂ ಹಿಂದೆ ಬೇರೆಬೇರೆಯಾದರು. ಸಣ್ಣಿಲಿಯ ಜೀನುಗಳು ತಮ್ಮತಮ್ಮೊಳಗೆ ಹೆಚ್ಚಾಗಿ ಹೋಲುತ್ತವೆ, ಕಂದು ಇಲಿಯವೂ ಹಾಗೆಯೇ. ಒಂದರ ಜೀನಿಗೆ ಮತ್ತೊಂದರಲ್ಲಿ ನೇರವಾದ ಜೊತೆಯಿಲ್ಲ. ಇದರಿಂದ ಈ ವೃದ್ಧಿಯು ಅವು ಅಗಲಿದ ಮೇಲೆ ಪ್ರತ್ಯೇಕ ಪ್ರತ್ಯೇಕವಾಗಿ ನಡೆಯಿತೆಂದು ಸಿದ್ಧವಾಗುತ್ತದೆ. ಭಾಗವಾದ ಅಣ್ಣತಮ್ಮಂದಿರು ತಮ್ಮತಮ್ಮ ಮನೆಯಲ್ಲಿ ಬೇರೆಬೇರೆ ಮಾತುಗಳನ್ನು ಬೆಳೆಸಿಕೊಂಡಂತೆ ಆಯಿತು. ಕಣ್ಣೀರಿನ ಮೂಲಕ ಹೊರಬೀಳುವ ಮತ್ತೊಂದು ವರ್ಗದ ಸಂದೇಶಗಳಲ್ಲಿಯೂ ಇಂಥದೇ ಅಂತರವಿದೆ: ಸಣ್ಣಿಲಿಯಲ್ಲಿ ಅವುಗಳ ಜೀನುಗಳು ೩೮, ಕಂದು ಇಲಿಯಲ್ಲಿ ೧೦, ಮನುಷ್ಯನಲ್ಲಿ ಒಂದೂ ಇಲ್ಲ.

ಜನವಾಸದ ಸಂಬಂಧ

ಮನೆಯ ಸಣ್ಣಿಲಿಗಳಲ್ಲಿ ಒಂದೊಂದು ಇಲಿಯ ಮೂತ್ರದಲ್ಲಿಯೂ ಈ ಪ್ರೋಟೀನುಗಳ ಮಿಶ್ರಣವು ಬೇರೆ ಬೇರೆಯಾಗಿದ್ದು, ಅದು ಹೆಬ್ಬೆಟ್ಟಿನ ಗುರುತಿನಂತೆ ಉಪಯೋಗಕ್ಕೆ ಬರುತ್ತದೆ. ಆದರೆ ಮನುಷ್ಯರ ಸಹವಾಸವಿಲ್ಲದೆ ಬಯಲಿನಲ್ಲಿ ವಾಸಿಸುವ ಮ್ಯಾಸಿಡೋನಿಯದ ಸಣ್ಣಿಲಿಯಲ್ಲಿ ಪರೀಕ್ಷಿಸಿದ ಗಂಡುಗಳೆಲ್ಲವೂ ಒಂದೇ ಬಗೆಯ ಪ್ರೋಟೀನನ್ನು ಹೊರಪಡಿಸಿದುವೆಂದು ೨೦೦೭ರಲ್ಲಿ ಪ್ರಕಟವಾಯಿತು. ಧಾನ್ಯರಾಶಿಯ ಸುತ್ತ ದಟ್ಟವಾಗಿ ಬಾಳುವ ಪ್ರಾಣಿಗೆ ತನ್ನವರು ಯಾರು, ಪರರು ಯಾರೆಂಬ ಗುರುತು ಹೆಚ್ಚು ಅವಶ್ಯವೆಂಬುದು ಇದಕ್ಕೆ ಕಾರಣವಿರಬಹುದೆಂದು ವಿದ್ವಾಂಸರ ಊಹೆ.

ಒಂದಕ್ಕೆ ಕರೆ, ಮತ್ತೊಂದಕ್ಕೆ ಭಯ

ಈ ಸಂದೇಶಗಳನ್ನು ಗ್ರಹಿಸತಕ್ಕ ಅಂಗವು ಮೂಗಿನ ನಡುಗೋಡೆಯ ಬುಡದಲ್ಲಿರುವ ಸಣ್ಣ ನಾಳವಾಗಿದೆ. ಡೆನ್ಮಾರ್ಕಿನ ಯಾಕೋಬ್‌ಸನ್ ಎಂಬವರು ೧೮೧೩ರಲ್ಲಿಯೇ ಇದನ್ನು ವರ್ಣಿಸಿದ್ದರು. ೨೦೧೦ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ ಕಂದು ಇಲಿಯ ಮೂತ್ರ ಪ್ರೋಟೀನನ್ನು ಸಣ್ಣಿಲಿಯ ಮುಂದಿಟ್ಟಾಗ ಅದು ಹೆದರಿ ಹಿಂಜರಿಯಿತು. ಬೆಕ್ಕಿನಲ್ಲಿರುವ ಅದೇ ವರ್ಗದ ಪ್ರೋಟೀನಿಗೂ ಹಾಗೆಯೇ ಅಂಜಿತು. ಆ ಅಂಗವು ಕೆಲಸ ಮಾಡದಂಥ ಸಣ್ಣಿಲಿಗಳಲ್ಲಿ ಈ ಭಯವು ಕಾಣಲಿಲ್ಲ. ಕಂದು ಇಲಿಯು ಅವಕಾಶ ದೊರೆತರೆ ಸಣ್ಣಿಲಿಯನ್ನು ಕೊಲ್ಲತಕ್ಕ ಪ್ರಾಣಿಯಾದುದರಿಂದ ಇದು ಆಶ್ಚರ್ಯವಲ್ಲ. ಹೀಗೆ ಒಂದೇ ಮೂಲದ ವಸ್ತುವು ಸ್ವಜಾತಿಗೆ ಸಂದೇಶವಾಗಿಯೂ ಅನ್ಯಜಾತಿಗೆ ಎಚ್ಚರಿಕೆಯಾಗಿಯೂ ಪರಿಣಮಿಸಿದೆ.

ವ್ಯವಸಾಯಗಾರರು ತಿಳಿಯತಕ್ಕದ್ದು

ಮೇಲಿನ ವಿಷಯಗಳಿಂದ ಎಲ್ಲ ಇಲಿಗಳನ್ನೂ ಸೆಳೆಯತಕ್ಕ ಒಂದೇ ಗಂಧಸಂದೇಶವನ್ನು ನಿರೀಕ್ಷಿಸುವುದು ಯುಕ್ತವಲ್ಲವೆಂದು ತಿಳಿಯಬೇಕು. ಸಣ್ಣಿಲಿಯಿಂದ ತೆಗೆದ ವಾಸನೆಯು ಹೆಗ್ಗಣವನ್ನು ಕರೆಯುವುದೆಂದು ನಂಬಲು ಆಧಾರವಿಲ್ಲ. ದೊಡ್ಡ ಇಲಿಯ ವಾಸನೆಯಾದರೋ ಸಣ್ಣಿಲಿಯನ್ನು ಬೋನಿನಿಂದ ದೂರವೇ ಅಟ್ಟಬಹುದು. ಆದಕಾರಣ ದೊಡ್ಡ ಇಲಿಯು ಬಿದ್ದಿದ್ದ ಬೋನನ್ನು ಸಣ್ಣಿಲಿಗೆ ಇಡುವುದಕ್ಕೆ ಮುಂಚೆ ಚೆನ್ನಾಗಿ ತೊಳೆದು ಒಣಗಿಸುವುದು ಒಳ್ಳೆಯದು. ತೊಳೆಯುವಾಗ ಬರಿಗೈಯಿಂದ ಮುಟ್ಟಕೂಡದು. ಇಲಿಜ್ವರವು ಇವುಗಳ ಮೂತ್ರದಿಂದಲೇ ಹರಡತಕ್ಕದ್ದಾಗಿದೆ. ಹೆದರಿಸುವ ವಾಸನೆಯೊಂದನ್ನೇ ನಂಬಿ ಕಣಜವನ್ನು ಬಿಡುವುದೂ ಸರಿಯಲ್ಲ. ಬೆದರಿಕೆಯ ಹಿಂದೆ ನಿಜವಾದ ಅಪಾಯವಿಲ್ಲವಾದರೆ ಪ್ರಾಣಿಗಳು ಕ್ರಮೇಣ ಅದಕ್ಕೆ ಒಗ್ಗಿಕೊಳ್ಳುವುದುಂಟು.

ಆದ್ದರಿಂದ ಹಾವಳಿ ಮಾಡುತ್ತಿರುವುದು ಯಾವ ಜಾತಿಯೆಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಉಪಾಯಕ್ಕೆ ತೊಡಗತಕ್ಕದ್ದು. ಬದುಗಳನ್ನು ಅಗಲವಾಗಿ ಬಿಡದೆ ಕಿರಿದಾಗಿಟ್ಟುಕೊಳ್ಳುವುದು, ಚೆಲ್ಲಿದ ಕಾಳನ್ನು ಗುಡಿಸಿ ತೆಗೆಯುವುದು, ಕಣಜದ ಕಂಡಿಗಳನ್ನು ಮುಚ್ಚುವುದು, ಅಕ್ಕಪಕ್ಕದ ಹೊಲದವರೆಲ್ಲರೂ ಕೂಡಿ ಏಕಕಾಲದಲ್ಲಿ ಬಿಲಗಳನ್ನು ನೋಡಿಕೊಳ್ಳುವುದು, ಇವು ಯಾವ ಜಾತಿಯ ಇಲಿಗಾದರೂ ಸಲ್ಲತಕ್ಕ ಕ್ರಮಗಳು. ಕಾಳು ದೊರೆಯದ ಕಡೆ ಎಂಥ ಸಂದೇಶವಿದ್ದರೂ ಇಲಿಯ ಸಂಸಾರವು ಬೆಳೆಯಲಾರದು.