ಹಳೇ ಟ್ರ್ಯಾಕ್ಟರಿನ ತ್ಯಾಪಿ: ಇರಲೋ, ತೆಗೆಯಲೋ?



ಕೌದಿ ಹೊಲಿಯೋದು ನಮಗೆಲ್ಲ ಗೊತ್ತು. ಹರಿದ ಕಡೆ ತ್ಯಾಪಿ ಹಾಕುತ್ತೇವೆ. ಹಾಕೋ ಮೊದಲು ಕೆಳಗಿನ ಬಟ್ಟೆ ಗಟ್ಟಿ ಐತೋ ಇಲ್ಲೋ ನೋಡುತ್ತೇವೆ. ಬಟ್ಟೆ ಲಡ್ಡಾಗಿದ್ದರೆ ತ್ಯಾಪಿ ನಿಲ್ಲೋದಿಲ್ಲ.

ಟ್ರ್ಯಾಕ್ಟರಿಗೂ ತ್ಯಾಪಿ ಇರುತ್ತದೆ. ಬ್ರೇಕಿಗೆ ತಂತಿ. ಡೀಸೆಲ್ ಪೈಪಿಗೆ ಸೈಕಲ್ ಟ್ಯೂಬು. ಕೊಂಡಿಯ ಕೀಲಿಗೆ ಬದಲು ಮೊಳೆ. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ. ಬಿತ್ತಿಗೆ ನಡೆದಾಗ ಗಾಡಿ ನಿಂತರೆ ಮತ್ತೇನು ಮಾಡೋದು? ಹದ ಹೋಗುತ್ತದೆ. ಕೈಗೆ ಸಿಕ್ಕದ್ದು ಕಟ್ಟಿ ಹೊಲ ಮುಗಿಸುತ್ತಾರೆ. ಅದು ತಪ್ಪಲ್ಲ. ಆದರೆ ಒಂದು ದಿನಕ್ಕೆ ಕಟ್ಟಿದ ತಂತಿ ಹತ್ತು ವರ್ಷ ಹಾಗೇ ಉಳಿಯುತ್ತದೆ. "ನಡೀತೈತಿ ಬಿಡು" ಅಂತಾರೆ. ಅದರ ಮಗ್ಗುಲಲ್ಲಿ ನಾವು ಕೆಲಸ ಮಾಡುತ್ತೇವೆ. ನಮ್ಮ ಮಕ್ಕಳು ಆಡುತ್ತಾರೆ. ಅದಕ್ಕೇ ಈ ಮಾತು ನಮಗೂ ಸೇರಿದ್ದು.

ಹಳೇ ಗಾಡಿ ಯಾಕೆ ಉಳಿದಿವೆ?

ಹಾನಗಲ್ಲದ ಭತ್ತದ ಗದ್ದೆ ಇರಲಿ, ಹಿರೇಕೆರೂರಿನ ಗೋವಿನಜೋಳದ ಹೊಲ ಇರಲಿ, ಶಿಗ್ಗಾವಿ, ಸವಣೂರಿನ ಹತ್ತಿ ಹೊಲ ಇರಲಿ, ಹಳೇ ಟ್ರ್ಯಾಕ್ಟರು ದುಡಿಯುತ್ತದೆ. ಅದರ ಸಾಲ ಯಾವಾಗಲೋ ತೀರಿದೆ. ಅದರ ಕಬ್ಬಿಣ ಗಟ್ಟಿ. ಊರಿನ ಮಿಸ್ತ್ರಿಗೆ ಅದರ ರಿಪೇರಿ ಗೊತ್ತು.

ಆದರೆ ಕೆಲವು ಗಾಡಿಗಳನ್ನು ಮಾಡುವ ಕಾರ್ಖಾನೆಯೇ ಈಗ ಇಲ್ಲ. ಎಚ್.ಎಂ.ಟಿ. ಕಂಪನಿ 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದರ ಗಡಿಯಾರ ಎಲ್ಲರಿಗೂ ಗೊತ್ತು. ಅದು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡಲು ಶುರು ಮಾಡಿತು. ಆ ಕಾರ್ಖಾನೆ ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನ ಮಾಡಿತು. ಈಗ ಅದರ ಸಾಮಾನು ಬೇರೆಯವರು ಮಾಡಿದ್ದೇ ಕೊಳ್ಳಬೇಕು. ಒಮ್ಮೊಮ್ಮೆ ಕೂಡಲೇ ಸಿಗುವುದಿಲ್ಲ. ಆಗ ತಂತಿ ಬರುತ್ತದೆ, ಮೊಳೆ ಬರುತ್ತದೆ.

ಮೂರು ಪ್ರಶ್ನೆ ಕೇಳಿರಿ

ಎಲ್ಲಾ ತ್ಯಾಪಿ ಒಂದೇ ಸಲ ತೆಗೆಯಲು ಯಾರ ಹತ್ತಿರವೂ ರೊಕ್ಕ ಇರುವುದಿಲ್ಲ. ಎಲ್ಲಾ ತೆಗೆಯುವುದೂ ಬೇಕಾಗಿಲ್ಲ. ಒಂದೊಂದು ತ್ಯಾಪಿಯ ಮುಂದೆ ನಿಂತು ಮೂರು ಪ್ರಶ್ನೆ ಕೇಳಬೇಕು.

1. ಇದು ಹರಿದರೆ ಗಾಡಿ ನಿಲ್ಲುತ್ತದೋ, ಮನುಷ್ಯ ಸಾಯುತ್ತಾನೋ?
2. ಇದು ಪಕ್ಕದ ಸಾಮಾನನ್ನು ತಿನ್ನುತ್ತದೋ?
3. ಇದು ಬರೀ ನೋಡಲಿಕ್ಕೆ ಚೆಂದ ಇಲ್ಲ, ಅಷ್ಟೇನೋ?

ಮೊದಲನೆಯದಕ್ಕೆ "ಜೀವಕ್ಕೆ ಅಪಾಯ" ಅಂತ ಬಂದರೆ ಇವತ್ತೇ ತೆಗೆಸಿರಿ. ಎರಡನೆಯದಕ್ಕೆ "ಹೌದು" ಅಂತ ಬಂದರೆ ಮಳೆಗಾಲಕ್ಕೆ ಮುಂಚೆ ತೆಗೆಸಿರಿ. ಮೂರನೆಯದು ಇದ್ದರೆ ಇರಲಿ ಬಿಡ್ರಿ.

ಇವತ್ತೇ ತೆಗೆಯಬೇಕಾದವು

ಬ್ರೇಕು: ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ ಇರುತ್ತವೆ. ಒಂದು ಎಡಗಾಲಿಗೆ, ಒಂದು ಬಲಗಾಲಿಗೆ. ಹೊಲದಲ್ಲಿ ತಿರುಗಿಸಲು ಒಂದನ್ನೇ ಒತ್ತುತ್ತಾರೆ. ರಸ್ತೆ ಮೇಲೆ ಎರಡನ್ನೂ ಕೂಡಿಸಿ ಚಿಲಕ ಹಾಕಬೇಕು. ಆ ಚಿಲಕ ಮುರಿದು ತಂತಿ ಕಟ್ಟಿದ್ದರೆ ಏನಾಗುತ್ತದೆ? ಜೋರಾಗಿ ಒತ್ತಿದಾಗ ತಂತಿ ಹರಿಯುತ್ತದೆ. ಒಂದೇ ಗಾಲಿ ಹಿಡಿಯುತ್ತದೆ. ಗಾಡಿ ಒಂದೇ ಕಡೆ ತಿರುಗಿ ಪಲ್ಟಿ ಆಗಬಹುದು.

ಸ್ಟೇರಿಂಗು: ಸ್ಟೇರಿಂಗಿನ ರಾಡು, ತೋಳು ಮುರಿದರೆ ವೆಲ್ಡಿಂಗ್ ಬೇಡ. ಹೊಸದೇ ಹಾಕಿಸಬೇಕು. ಸಡಿಲಾದ ಕೀಲಿಗೆ ಟ್ಯೂಬು ಸುತ್ತಿದ್ದರೆ ಅದೂ ಬೇಡ.

ಟ್ರಾಲಿಯ ಕೀಲು: ಚಕ್ಕಡಿಗೆ ಕಡೆಗೀಲು ಹೇಗೋ, ಟ್ರಾಲಿಗೆ ಕೊಂಡಿಯ ಕೀಲು ಹಾಗೆ. ಕೀಲು ಮೇಲೆ ಹಾರದಂತೆ ಒಂದು ಸಣ್ಣ ಕ್ಲಿಪ್ಪು ಇರುತ್ತದೆ. ಅದರ ಬದಲು ಮೊಳೆ ಬಗ್ಗಿಸಿ ಹಾಕಿರುತ್ತಾರೆ. ತಗ್ಗು ದಿನ್ನಿ ಹಾರಿದಾಗ ಮೊಳೆ ಬೀಳುತ್ತದೆ, ಕೀಲು ಹಾರುತ್ತದೆ, ಟ್ರಾಲಿ ಬಿಟ್ಟು ಹೋಗುತ್ತದೆ. ಕೂಲಿಗೆ ಹೋಗುವಾಗ ನಾವು ಅದರಲ್ಲೇ ಕೂತಿರುತ್ತೇವೆ! ಟ್ರಾಲಿ ಇರೋದು ಮಾಲಿಗೆ, ಮಂದಿಗಲ್ಲ. ಇದನ್ನೂ ನೆನಪಿಡ್ರಿ. ಈ ಕ್ಲಿಪ್ಪು ಭಾಳ ಸಣ್ಣ ಸಾಮಾನು. ರೊಕ್ಕ ಇಲ್ಲ ಅನ್ನೋ ಮಾತು ಇದಕ್ಕೆ ಬರೋದಿಲ್ಲ.

ಹಿಂದಿನ ಶಾಫ್ಟು: ರಾಶಿ ಯಂತ್ರ ತಿರುಗಿಸುವ ಶಾಫ್ಟಿಗೆ ಪಿ.ಟಿ.ಓ. ಅಂತಾರೆ. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಒಂದು ಸೆಕೆಂಡಿಗೆ 9 ಸುತ್ತು. ಒಂದು ಸುತ್ತಿಗೆ ಒಂದು ಗೇಣು ಸೆರಗು ಸುತ್ತಿಕೊಂಡರೆ ಒಂದು ಸೆಕೆಂಡಿಗೆ 9 ಗೇಣು. "ಅಯ್ಯೋ" ಅನ್ನಲೂ ಪುರಸೊತ್ತಿಲ್ಲ. ಇದರ ಮೇಲೆ ಗಟ್ಟಿ ಮುಚ್ಚಳ ಇರಲೇಬೇಕು. ಗೋಣಿಚೀಲ ಸುತ್ತಿದರೆ ಮುಚ್ಚಳ ಆಗೋದಿಲ್ಲ. ಚೀಲವೇ ಸಿಕ್ಕು ನಮ್ಮನ್ನು ಎಳೆಯುತ್ತದೆ. ರಾಶಿ ಮಾಡುವಾಗ ಸೆರಗು ಸಿಗಿಸಿಕೊಳ್ಳಿರಿ, ಜಡೆ ಗಂಟು ಹಾಕಿರಿ. ಇಷ್ಟು ಮಾಡಿದರೂ ಮುಚ್ಚಳ ಬೇಕೇ ಬೇಕು.

ಸ್ವಿಚ್ಚು: ಚಾವಿ ಕೆಟ್ಟರೆ ಕೆಲವರು ಕೆಳಗೆ ನಿಂತು ಸ್ಕ್ರೂಡ್ರೈವರ್ ಮುಟ್ಟಿಸಿ ಎಂಜಿನ್ ಚಾಲೂ ಮಾಡುತ್ತಾರೆ. ಗಾಡಿ ಗೇರಿನಲ್ಲಿದ್ದರೆ ಒಮ್ಮೆಲೇ ಮುಂದೆ ಹೋಗುತ್ತದೆ. ನಿಂತವನು ದೊಡ್ಡ ಗಾಲಿಯ ಮುಂದೇ ಇರುತ್ತಾನೆ.

ಫ್ಯೂಸು: ಕರೆಂಟು ಹೆಚ್ಚಾದರೆ ಫ್ಯೂಸು ತಾನು ಸುಟ್ಟು ಗಾಡಿ ಉಳಿಸುತ್ತದೆ. ದಪ್ಪ ತಂತಿ ಹಾಕಿದರೆ ತಂತಿ ಸುಡೋದಿಲ್ಲ, ವೈರಿಂಗು ಸುಡುತ್ತದೆ. ಹಿಂದೆ ಟ್ರಾಲಿಯಲ್ಲಿ ಹೊಟ್ಟು, ಕಣಿಕಿ ಇದ್ದರೆ ಹೇಳುವುದೇ ಬೇಡ.

ಮಳೆಗಾಲಕ್ಕೆ ಮುಂಚೆ ತೆಗೆಯಬೇಕಾದವು

ರೇಡಿಯೇಟರಿನ ಮುಚ್ಚಳ ಕುಕ್ಕರಿನ ಮುಚ್ಚಳ ಇದ್ದ ಹಾಗೆ. ಒಳಗಿನ ಒತ್ತಡ ಹಿಡಿಯುತ್ತದೆ. ಆಗ ನೀರು ಬೇಗ ಕುದಿಯೋದಿಲ್ಲ. ಬಟ್ಟೆ ತುರುಕಿದರೆ ಒತ್ತಡ ನಿಲ್ಲೋದಿಲ್ಲ. ನೀರು ಬೇಗ ಕುದಿದು ಆರುತ್ತದೆ. ಎಂಜಿನ್ ಕಾಯುತ್ತದೆ. ಮುಚ್ಚಳದ ರೊಕ್ಕ ಉಳಿಸಲು ಹೋಗಿ ಎಂಜಿನ್ನೇ ಬಿಚ್ಚಿಸಬೇಕಾಗುತ್ತದೆ. ಬಿಸಿ ಇದ್ದಾಗ ಆ ಮುಚ್ಚಳ ತೆಗೆಯಬೇಡ್ರಿ. ಕುದಿಯೋ ನೀರು ಮುಖಕ್ಕೆ ಹಾರುತ್ತದೆ.

ಸೈಕಲ್ ಟ್ಯೂಬಿನ ರಬ್ಬರು ಡೀಸೆಲ್ಲಿಗೆ ತಾಳೋದಿಲ್ಲ. ಉಬ್ಬಿ ಮೆತ್ತಗಾಗುತ್ತದೆ. ಡೀಸೆಲ್ ಸೋರುತ್ತದೆ, ಒಳಗೆ ಗಾಳಿ ಸೇರುತ್ತದೆ, ಎಂಜಿನ್ ನಿಲ್ಲುತ್ತದೆ. ಸೋರಿದ್ದು ಕಾದ ಸೈಲೆನ್ಸರ್ ಮೇಲೆ ಬೀಳುವಂತಿದ್ದರೆ ಬೆಂಕಿ ಹತ್ತಬಹುದು. ಆಗ ಇದೂ "ಇವತ್ತೇ" ಪಟ್ಟಿಗೆ ಸೇರುತ್ತದೆ.

ಇದ್ದರೆ ಇರಲಿ ಅನ್ನುವವು

ಬಂಪರಿನ ಹಳೇ ವೆಲ್ಡಿಂಗು, ತಗಡು ಹಚ್ಚಿದ ಟೂಲ್ ಪೆಟ್ಟಿಗೆ, ಬಣ್ಣ ಹೋದ ಬಾನೆಟ್ಟು, ಗೋಣಿ ತುಂಬಿ ಬಿಗಿಯಾಗಿ ಹೊಲಿದ ಸೀಟು. ಇವು ಯಾರನ್ನೂ ಕೊಲ್ಲುವುದಿಲ್ಲ. ಲೇಥಿನಲ್ಲಿ ಅಳತೆ ಹಿಡಿದು ಮಾಡಿಸಿದ ಬುಶ್ಶು ಒಳ್ಳೆಯ ಕೆಲಸವೇ. ಅದನ್ನು ತ್ಯಾಪಿ ಅನ್ನಬೇಡ್ರಿ.

ಇನ್ನೊಂದು ಮಾತು. ಗಟ್ಟಿ ಇರುವ ಹಳೇ ರಿಪೇರಿಯನ್ನು ಸುಮ್ಮನೆ ಕೆದಕಬಾರದು. ತುಕ್ಕು ಹಿಡಿದ ಬೋಲ್ಟು ಜೋರು ಮಾಡಿ ತಿರುಗಿಸಿದರೆ ಮುರಿಯುತ್ತದೆ. ಅದರ ಕೂಡ ಎರಕದ ಕಬ್ಬಿಣವೂ ಸೀಳಬಹುದು. ತೆಗೆಯಲೇಬೇಕಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ನೆನೆಸಿರಿ. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿರಿ.

ನಮ್ಮ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ

ಒಂದು ನೋಟ್‌ಬುಕ್ ತಗೊಳ್ಳಿರಿ. ಎಂಜಿನ್ ಬಂದ್ ಮಾಡಿ, ಆರಿದ ಮೇಲೆ ಗಾಡಿ ಸುತ್ತ ಒಂದು ಸುತ್ತು ಹಾಕಿರಿ. ತಂತಿ, ಮೊಳೆ, ಟ್ಯೂಬು, ಟೇಪು ಎಲ್ಲಿ ಕಂಡರೂ ಬರೆಯಿರಿ. ಅದರ ಮುಂದೆ 1, 2 ಅಥವಾ 3 ಅಂತ ಹಾಕಿರಿ. ಮಿಸ್ತ್ರಿ ಹೇಳಿದ ಖರ್ಚನ್ನೂ ಬರೆಯಿರಿ. ಕೂಡಿಸಿರಿ. ಮೊದಲು ಎಷ್ಟು ರೊಕ್ಕ ಬೇಕು ಅಂತ ತಿಳಿಯುತ್ತದೆ. ಸಾಲ ಕೇಳಲು ಸಂಘಕ್ಕೆ ಹೋದಾಗ ಆ ಲೆಕ್ಕ ಕೈಯಲ್ಲಿರುತ್ತದೆ. ಲೆಕ್ಕ ಗಾಡಿಯ ಬೆಲೆಗಿಂತ ಹೆಚ್ಚಾದರೆ, ಗಾಡಿಯನ್ನೇ ಇಟ್ಟುಕೊಳ್ಳಬೇಕೋ ಬೇಡವೋ ಅಂತ ಮನೆಯವರೆಲ್ಲ ಕೂತು ವಿಚಾರ ಮಾಡಬೇಕು.

ಅಂಗಡಿಗೆ ಹಳೇ ಸಾಮಾನು ಒಯ್ಯಿರಿ. ಅದರ ಮೇಲೆ ಕೊರೆದ ನಂಬರು ಓದಿರಿ. ಬಿಲ್ಲು ಕೇಳಿರಿ. ಮಿಸ್ತ್ರಿ ತೆಗೆದ ಹಳೇ ಸಾಮಾನು ವಾಪಸ್ ಕೇಳಿರಿ. ಆಗ ಏನು ಬದಲಾಯಿತು ಅಂತ ಕಣ್ಣಿಂದ ನೋಡಬಹುದು.

ಆರ್.ಸಿ. ಪುಸ್ತಕವನ್ನೂ ತೆಗೆದು ಓದಿರಿ. ಮೊದಲ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ಮುಂದುವರಿಸಬೇಕು. ಬ್ರೇಕಿಗೆ ತಂತಿ ಕಟ್ಟಿದ ಗಾಡಿಯನ್ನು ಯಾವ ಮುಖ ಹೊತ್ತು ತೋರಿಸೋದು?

ಸುಗ್ಗಿ ಮುಗಿದು ರೋಹಿಣಿ ಮಳೆ ಬರುವ ತನಕ ಗಾಡಿಗೆ ಪುರಸೊತ್ತು ಇರುತ್ತದೆ. ರಿಪೇರಿಗೆ ಅದೇ ಸರಿಯಾದ ಕಾಲ. ಆದರೆ 1 ಅಂತ ಬರೆದದ್ದಕ್ಕೆ ಕಾಲ ನೋಡಬೇಡ್ರಿ.

ಓದಿರಿ, ಮಾತಾಡಿರಿ

1. ನಿಮ್ಮ ಓಣಿಯ ಟ್ರ್ಯಾಕ್ಟರಿನಲ್ಲಿ ಎಷ್ಟು ತ್ಯಾಪಿ ಇವೆ? ಎಣಿಸಿ ಬರೆಯಿರಿ.
2. ಪಿ.ಟಿ.ಓ. ಶಾಫ್ಟು 10 ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ? ಲೆಕ್ಕ ಮಾಡಿರಿ.
3. "ನಡೀತೈತಿ ಬಿಡು" ಅನ್ನುವವರಿಗೆ ನೀವು ಏನು ಹೇಳುತ್ತೀರಿ?