ನಗರದ ನಕ್ಷೆಯೂ ಮೀಸಲು ನೆಲವೂ



ಗೋಮಾಳ, ಗುಂಡುತೋಪು, ಜಾತ್ರೆಯ ಬಯಲು ಎಂಬ ಮಾತುಗಳನ್ನು ನೀವು ಮನೆಯ ಹಿರಿಯರ ಬಾಯಿಂದ ಕೇಳಿರಬಹುದು. ಇವು ಯಾರೊಬ್ಬರ ಸ್ವತ್ತೂ ಅಲ್ಲ. ದನಗಳು ಮೇಯಲು, ದಾರಿಗರು ದಣಿವಾರಿಸಿಕೊಳ್ಳಲು, ಊರವರೆಲ್ಲ ಒಂದೆಡೆ ಕೂಡಲು ಹಿಂದಿನವರು ಬಿಟ್ಟ ನೆಲ. ಹಳ್ಳಿಯಲ್ಲಿ ಇಂತಹ ನೆಲವನ್ನು ಬಹುಕಾಲ ರೂಢಿಯೇ ಕಾಪಾಡಿತು. ಆದರೆ ಅಂಗುಲ ಅಂಗುಲಕ್ಕೂ ಬೆಲೆಯುಳ್ಳ ಮುಂಬಯಿಯಂತಹ ನಗರದಲ್ಲಿ ಆಟದ ಬಯಲನ್ನೂ ವಾಚನಾಲಯವನ್ನೂ ನಾಟಕಶಾಲೆಯನ್ನೂ ಕಾಪಾಡುವವರು ಯಾರು? ರೂಢಿಯ ಕೆಲಸವನ್ನು ಇಲ್ಲಿ ನಗರದ ನಕ್ಷೆ ಮಾಡಬೇಕಾಗಿದೆ.

ಈ ವಿಚಾರ ಹೊಸತಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳೇ ರೋಗಕ್ಕೆ ಆಸರೆಯೆಂದು ತಿಳಿದು, 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿದರು. ಆ ಟ್ರಸ್ಟು ದಾದರ, ಮಾಟುಂಗಗಳನ್ನು ರೂಪಿಸುವಾಗ ಮನೆಗಳೊಡನೆ ಉದ್ಯಾನಗಳಿಗೂ ಸ್ಥಳವನ್ನು ಗುರುತಿಸಿತು. ಮಾಟುಂಗದ ಐದು ಉದ್ಯಾನಗಳು ಇಂದಿಗೂ ಹಸಿರಾಗಿರುವುದು ಅಂದು ಕಾಗದದ ಮೇಲೆ ಎಳೆದ ಗೆರೆಗಳ ಫಲ.

ಇಂದು ಈ ಕಾರ್ಯಕ್ಕೆ ಆಧಾರ 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆ. ಇದರಂತೆ ನಗರಪಾಲಿಕೆಯು ತನ್ನ ಕ್ಷೇತ್ರಕ್ಕೆಲ್ಲ ಒಂದು ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿ, ಇಪ್ಪತ್ತು ವರ್ಷಗಳಿಗೆ ಒಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳಿಗೆ ಮಾತ್ರವಲ್ಲದೆ, ಸಾಂಸ್ಕೃತಿಕ ಸಂಸ್ಥೆ, ನಾಟಕಶಾಲೆ, ವಸ್ತುಸಂಗ್ರಹಾಲಯಗಳಿಗೂ ನೆಲವನ್ನು ಗೊತ್ತುಪಡಿಸಬಹುದೆಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಹೀಗೆ ಮೀಸಲಾದ ನೆಲದಲ್ಲಿ ಒಡೆಯನು ತನಗೆ ತೋಚಿದಂತೆ ಕಟ್ಟಡ ಕಟ್ಟುವಂತಿಲ್ಲ.

ಆದರೆ ಮೀಸಲು ಎಂದು ಬರೆದ ಮಾತ್ರಕ್ಕೆ ಕೆಲಸ ಮುಗಿಯದು. ಯೋಜನೆ ಜಾರಿಗೆ ಬಂದು ಹತ್ತು ವರ್ಷಗಳಾದರೂ ಪಾಲಿಕೆಯು ಆ ನೆಲವನ್ನು ಪಡೆಯದಿದ್ದರೆ, ಒಡೆಯನು ನೋಟೀಸು ಕೊಡಬಹುದು. ಆ ಮೇಲೂ ಕಾಯಿದೆ ಹೇಳಿದ ಅವಧಿಯೊಳಗೆ ಕ್ರಮ ಕೈಕೊಳ್ಳದಿದ್ದರೆ ಮೀಸಲು ಬಿದ್ದುಹೋಗುತ್ತದೆ. ಪರರ ನೆಲವನ್ನು ಪರಿಹಾರವಿಲ್ಲದೆ ಎಂದೆಂದಿಗೂ ತಡೆಹಿಡಿಯುವುದು ನ್ಯಾಯವಲ್ಲವಷ್ಟೆ! ಆದುದರಿಂದ ಎಚ್ಚರ ತಪ್ಪಿದ ನಗರವು ತನ್ನ ಬಯಲನ್ನು ಕಳೆದುಕೊಳ್ಳುವುದು.

ಯೋಜನೆಯ ಕರಡನ್ನು ಗುಟ್ಟಾಗಿಡುವಂತಿಲ್ಲ. ಅದನ್ನು ಪ್ರಕಟಿಸಿ, ಆಕ್ಷೇಪ ಸಲಹೆಗಳನ್ನು ಕೇಳಬೇಕು. ಬಂದ ಪತ್ರಗಳನ್ನು ಯೋಜನಾ ಸಮಿತಿ ಪರಿಶೀಲಿಸಬೇಕು. ಇದು ಬರಿಯ ಶಾಸ್ತ್ರವಲ್ಲವೆಂಬುದು 2015ರಲ್ಲಿ ಕಂಡುಬಂದಿತು. ಆ ವರ್ಷ ಮುಂಬಯಿಯ ಹೊಸ ಕರಡು ಪ್ರಕಟವಾದಾಗ ಅದರಲ್ಲಿ ಅನೇಕ ತಪ್ಪುಗಳಿದ್ದುವು. ನಾಗರಿಕರು ಸಾವಿರಗಟ್ಟಲೆ ಪತ್ರಗಳನ್ನು ಬರೆದರು. ಏಪ್ರಿಲ್ ತಿಂಗಳಲ್ಲಿ ರಾಜ್ಯ ಸರಕಾರವು ಕರಡನ್ನು ಮತ್ತೆ ತಿದ್ದಿ ಬರೆಯಲು ಆಜ್ಞಾಪಿಸಿತು. ತಿದ್ದಿದ ಕರಡು 2016ರಲ್ಲಿ ಹೊರಬಂದು, 2018ರಲ್ಲಿ ಒಪ್ಪಿಗೆ ಪಡೆಯಿತು. 2034ರ ವರೆಗೆ ಮುಂಬಯಿಗೆ ಅದೇ ದಾರಿದೀಪ. ಇದಲ್ಲದೆ, ಹಳೆಯ ಕಟ್ಟಡಗಳ ರಕ್ಷಣೆಗಾಗಿ 1995ರಲ್ಲಿ ಪರಂಪರೆಯ ನಿಯಮಗಳು ಬಂದು, ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದುವು.

ಈಗ ನಮ್ಮ ಮಾತಿಗೆ ಬರೋಣ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದವರು ಈ ನಗರದಲ್ಲಿ ಅನೇಕರು. ಆ ರಾತ್ರಿಶಾಲೆಗಳಲ್ಲಿ ಹಲವು, ಹಗಲು ಶಾಲೆಗಳ ಕೋಣೆಗಳಲ್ಲಿಯೇ ನಡೆದುವು. ಶಾಲೆಗೆಂದು ಮೀಸಲಿಟ್ಟ ಒಂದು ಕಟ್ಟಡ ಎರಡು ಸಮಾಜಗಳಿಗೆ ಬೆಳಕಾಯಿತು. ಆದರೆ ಬಾಡಿಗೆಯ ಕೋಣೆಯಲ್ಲಿರುವ ಸಂಘಕ್ಕೆ ಈ ಆಸರೆ ಇಲ್ಲ. ನಕ್ಷೆಯು ನೆಲದ ಉಪಯೋಗವನ್ನು ಕಾಯುವುದೇ ಹೊರತು, ಅಲ್ಲಿರುವ ಇಂತಹುದೇ ಸಂಸ್ಥೆಯನ್ನು ಕಾಯುವುದಿಲ್ಲ.

ನಾನು ಈ ನಗರಕ್ಕೆ ಬಂದ ಹೊಸದರಲ್ಲಿ, ಒಂದು ಹಳೆಯ ಚಾಳಿನ ಕೆಳಗಿನ ಕೋಣೆಯಲ್ಲಿ ಕನ್ನಡ ವಾಚನಾಲಯವೊಂದಿತ್ತು. ಸಂಜೆಯಾದರೆ ಊರಿನ ಪತ್ರಿಕೆಗಾಗಿ ಅಲ್ಲಿಗೆ ಹೋಗುತ್ತಿದ್ದೆ. ಚಾಳನ್ನು ಕೆಡವಿ ಹೊಸ ಕಟ್ಟಡವೆದ್ದಾಗ ವಾಚನಾಲಯಕ್ಕೆ ಸ್ಥಳ ದೊರೆಯಲಿಲ್ಲ. ಬಾಡಿಗೆಯ ರಸೀತಿಗಳು ಯಾರ ಬಳಿಯೂ ಇರಲಿಲ್ಲ. ಓದುಗರ ದಾಖಲೆಯನ್ನು ಯಾರೂ ಇಟ್ಟಿರಲಿಲ್ಲ. ಪತ್ರ ಬರೆಯಬೇಕೆಂಬ ಯೋಚನೆ ನಮಗೆ ಬಂದುದು ಗೋಡೆ ಉರುಳಿದ ಮೇಲೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಪುಸ್ತಕಗಳು ಮನೆಮನೆಗೆ ಹಂಚಿಹೋದುವು. ಆ ಓದುಗರಲ್ಲಿ ನಾನೂ ಒಬ್ಬನಾಗಿದ್ದೆನಾದ್ದರಿಂದ ತಪ್ಪಿನಲ್ಲಿ ನನಗೂ ಪಾಲುಂಟು.

ಮಿತ್ರರೇ, ನೀವಿನ್ನೂ ಚಿಕ್ಕವರು. ಆದರೂ ನೀವು ಮಾಡಬಹುದಾದ ಕೆಲಸವುಂಟು. ನಿಮ್ಮ ವಾರ್ಡಿನ ನಕ್ಷೆಯನ್ನು ಗುರುಗಳೊಡನೆ ಕುಳಿತು ಓದಿರಿ. ನೀವು ಆಡುವ ಬಯಲಿಗೆ ಅಲ್ಲಿ ಯಾವ ಹೆಸರಿದೆ ಎಂದು ನೋಡಿರಿ. ತಪ್ಪು ಕಂಡರೆ ಮನೆಯ ಹಿರಿಯರಿಗೆ ತಿಳಿಸಿರಿ. ನಿಮ್ಮ ವಾಚನಾಲಯದ ಪುಸ್ತಕದಲ್ಲಿ ದಿನವೂ ಹೆಸರು ಬರೆಯಿರಿ. ಇಷ್ಟು ಜನ ಇಲ್ಲಿಗೆ ಬರುತ್ತಾರೆ ಎಂಬುದಕ್ಕೆ ಆ ಸಹಿಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಮುಂದಿನ ಕರಡು ಪ್ರಕಟವಾಗುವ ಹೊತ್ತಿಗೆ ಪತ್ರ ಬರೆಯಬೇಕಾದವರು ನೀವೇ ಆಗಿರುವಿರಿ. ಆಗ ನೀವು ನಮ್ಮಂತೆ ತಡಮಾಡದಿರಿ.